ಯಂತ್ರದ ಬಾಯಲ್ಲಿ ಅರೆಕೆರೆ



ಗಣೇಶನ ವಿಸರ್ಜನೆ ಮುಗಿದ ಮರುವಾರ ಬೆಂಗಳೂರಿನ ಅರೆಕೆರೆಯ ನಮ್ಮ ಮನೆಗೆ ಹಿಂದಿನ ಬೀದಿಯ ಹುಡುಗನೊಬ್ಬ ಬಂದ. ಬಿ.ಕಾಂ. ಓದುತ್ತಿದ್ದಾನೆ. ಪೆಂಡಾಲಿನಲ್ಲಿ ಅವನೂ ಅವನ ಮೂವರು ಗೆಳೆಯರೂ ಹಾಡಿದ್ದನ್ನು ನಾನು ಕೇಳಿದ್ದೆ. ಕುರ್ಚಿಯ ತುದಿಯಲ್ಲಿ ಕೂತು, "ಅಂಕಲ್, ನೀವು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸ್ತಿದ್ರಂತೆ. ನನಗೆ ವೊಕೋಡರ್ ಇರೋ ಚಿಕ್ಕ ಸಿಂಥಸೈಜರ್ ಬೇಕು. ಕೈಯಲ್ಲಿ 25,000 ರೂಪಾಯಿ ಇದೆ. ಯಾವುದು ತಗೊಳ್ಳಲಿ?" ಎಂದು ಕೇಳಿದ. ಟ್ಯೂಷನ್ ಹೇಳಿಕೊಟ್ಟು ಎರಡು ವರ್ಷದಲ್ಲಿ ಕೂಡಿಟ್ಟ ಹಣ ಅದು. ಅಂಥ ದುಡ್ಡು ತಪ್ಪು ಪೆಟ್ಟಿಗೆಗೆ ಹೋಗಬಾರದು. ಅವನಿಗೆ ನಾನು ಹೇಳಿದ್ದನ್ನೂ, ಆಮೇಲೆ ನಾವಿಬ್ಬರೂ ಸುತ್ತಾಡಿ ಕಂಡುಕೊಂಡದ್ದನ್ನೂ ಇಂದು ನಿಮ್ಮ ಮುಂದೆ ಇಡುತ್ತೇನೆ.

ವೊಕೋಡರ್ ಅಂದರೇನು ಎಂಬುದನ್ನು ಮೊದಲು ನೋಡೋಣ. ನಾವು ಮಾತಾಡುವಾಗ ಎರಡು ಕೆಲಸ ನಡೆಯುತ್ತವೆ. ಗಂಟಲಲ್ಲಿ ಒಂದು ನಾದ ಹುಟ್ಟುತ್ತದೆ. ನಾಲಗೆ, ತುಟಿ, ಹಲ್ಲು, ಅಂಗಳು ಸೇರಿ ಆ ನಾದವನ್ನು ಅಕ್ಷರವಾಗಿ ಕಡೆಯುತ್ತವೆ. ನಮ್ಮ ವ್ಯಾಕರಣಕಾರರಿಗೆ ಇದು ಹೊಸ ಸಂಗತಿಯಲ್ಲ. 13ನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ, ಶಬ್ದವು ನಾಭಿಯ ಮೂಲದಲ್ಲಿ ಕಹಳೆಯ ಹಾಗೆ ಹುಟ್ಟುತ್ತದೆ ಎಂದಿದ್ದಾನೆ. ಊದುವುದು ಒಂದು ಕಡೆ, ರೂಪ ಕೊಡುವುದು ಇನ್ನೊಂದು ಕಡೆ. ವೊಕೋಡರ್ ಈ ಎರಡನ್ನೂ ಬೇರೆ ಮಾಡುತ್ತದೆ. ಬಾಯಿಯ ಕೆಲಸವನ್ನು ನಿಮ್ಮಿಂದ ತೆಗೆದುಕೊಂಡು, ಗಂಟಲಿನ ಜಾಗದಲ್ಲಿ ಸಿಂಥಸೈಜರಿನ ನಾದವನ್ನು ಕೂರಿಸುತ್ತದೆ. ಆಗ ಕೀಬೋರ್ಡೇ ಮಾತಾಡಿದಂತೆ ಕೇಳುತ್ತದೆ.

ಬಾಯಿಗಿಟ್ಟು ಮಿಡಿಯುವ ಮೋರ್ಚಿಂಗ್ ವಾದ್ಯವನ್ನು ಕೇಳಿದವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ನಮ್ಮ ಬೆಂಗಳೂರಿನ ಎಲ್. ಭೀಮಾಚಾರ್ ಅವರ ಮೋರ್ಚಿಂಗ್ ನೆನಪಿಸಿಕೊಳ್ಳಿ. ಕಬ್ಬಿಣದ ಆ ನಾಲಗೆ ಮಿಡಿಯುವುದು ಒಂದೇ ಶ್ರುತಿಯಲ್ಲಿ. ಆದರೂ ಸೊಲ್ಲುಗಳು ಬಿಡಿಬಿಡಿಯಾಗಿ ಕೇಳುತ್ತವಲ್ಲ, ಅದು ಬಾಯಿಯ ಗೂಡು ಮಾಡುವ ಕೆಲಸ. ಲೋಹದ ನಾದಕ್ಕೆ ಮನುಷ್ಯನ ಬಾಯಿ. ವೊಕೋಡರ್ ಈ ಕೆಲಸವನ್ನೇ ವಿದ್ಯುತ್ತಿನಿಂದ ಮಾಡುತ್ತದೆ.

ಈ ಯಂತ್ರ ಸಂಗೀತಕ್ಕಾಗಿ ಹುಟ್ಟಿದ್ದಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹೋಮರ್ ಡಡ್ಲಿ ಎಂಬ ಎಂಜಿನಿಯರ್ 1928ರಲ್ಲಿ ಇದರ ಬೆನ್ನು ಹತ್ತಿದರು. ಟೆಲಿಫೋನ್ ತಂತಿಯಲ್ಲಿ ಮಾತು ಹಿಡಿಯುವ ಜಾಗವನ್ನು ಕಡಿಮೆ ಮಾಡುವುದು ಅವರ ಗುರಿ. ಮಾತನ್ನು ಹತ್ತು ಪಟ್ಟಿಗಳಾಗಿ ಸೀಳಿ, ಒಂದೊಂದು ಪಟ್ಟಿಯ ಏರಿಳಿತವನ್ನೂ ದನಿಯ ಶ್ರುತಿಯನ್ನೂ ಮಾತ್ರ ಕಳಿಸಿದರೆ ಸಾಕು, ಆ ಕಡೆ ಮತ್ತೆ ಮಾತು ಕಟ್ಟಬಹುದು ಎಂದು ಅವರು ತೋರಿಸಿದರು. 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಇದರ ತಂಗಿಯಂಥ ವೋಡರ್ ಎಂಬ ಯಂತ್ರವನ್ನು ಜನ ಕಂಡರು. ಅದಕ್ಕೆ ಮೈಕ್ ಇರಲಿಲ್ಲ. ಹತ್ತು ಬೆರಳು, ಮಣಿಕಟ್ಟು, ಕಾಲು ಎಲ್ಲವನ್ನೂ ಬಳಸಿ ಅಕ್ಷರ ಅಕ್ಷರವಾಗಿ ಮಾತನ್ನು 'ನುಡಿಸಬೇಕಾಗಿತ್ತು'. ಅದನ್ನು ನುಡಿಸಿದವರು ಹೆಲೆನ್ ಹಾರ್ಪರ್ ಮತ್ತು ಅವರ ಜೊತೆಯ ಟೆಲಿಫೋನ್ ಆಪರೇಟರ್ ಹೆಣ್ಣುಮಕ್ಕಳು. ಕೈ ಪಳಗಲು ಒಂದು ವರ್ಷದಷ್ಟು ಅಭ್ಯಾಸ ಬೇಕಾಗುತ್ತಿತ್ತು. ವೀಣೆ ಕಲಿತವರಿಗೆ ಆ ಶ್ರಮದ ಬೆಲೆ ಗೊತ್ತು. 1943ರಲ್ಲಿ ವಾಷಿಂಗ್ಟನ್ನಿಗೂ ಲಂಡನ್ನಿಗೂ ನಡುವೆ ಯುದ್ಧದ ಗುಟ್ಟಿನ ಮಾತುಕತೆಗೆಂದು ಸ್ಥಾಪಿಸಿದ ಸಿಗ್‌ಸ್ಯಾಲಿ ವ್ಯವಸ್ಥೆಯ ಹೃದಯವೂ ವೊಕೋಡರೇ. ಅದರ ಒಂದು ಕೇಂದ್ರದ ತೂಕವೇ ಸುಮಾರು 50 ಟನ್. 1970ರ ಹೊತ್ತಿಗೆ ಸಂಗೀತಗಾರ್ತಿ ವೆಂಡಿ ಕಾರ್ಲೋಸ್ ಮತ್ತು ಸಿಂಥಸೈಜರ್ ತಯಾರಕ ರಾಬರ್ಟ್ ಮೂಗ್ ಇದನ್ನು ಸಂಗೀತಕ್ಕೆ ಎಳೆದು ತಂದರು. ಅಂದಿನ 50 ಟನ್ನಿನ ಕೆಲಸ ಇಂದು ಹುಡುಗನ ಬೆನ್ನಚೀಲದಲ್ಲಿ ಹಿಡಿಯುತ್ತದೆ. ನಮ್ಮ ಮೊಬೈಲ್ ಫೋನಿನಲ್ಲಿ ಮಾತನ್ನು ಕುಗ್ಗಿಸುವ ವಿಧಾನವೂ ಡಡ್ಲಿಯವರ ಆ ಯೋಚನೆಯ ಸಂತಾನವೇ.

ಅಂಗಡಿಯಲ್ಲಿ ಎಲ್ಲರೂ ಮರೆಯುವ ಸಂಗತಿಯೊಂದಿದೆ. ಈ ಯಂತ್ರಗಳನ್ನು ಮಾಡಿದವರು ಇಂಗ್ಲಿಷನ್ನೋ ಜಪಾನಿಯನ್ನೋ ಕಿವಿಯಲ್ಲಿಟ್ಟುಕೊಂಡು ಮಾಡಿದ್ದಾರೆ. ನಮ್ಮ ಹುಡುಗ ಹಾಡುವುದು ಕನ್ನಡದಲ್ಲಿ. ಹಾಗಾಗಿ ಎಷ್ಟು ಟೋನ್ ಇವೆ, ಎಷ್ಟು ಬಣ್ಣದ ದೀಪ ಇವೆ ಎಂದು ನೋಡುವ ಮೊದಲು, ಅದಕ್ಕೆ ಕನ್ನಡ ಬರುತ್ತದೆಯೇ ಎಂದು ನೋಡಬೇಕು. ನಾನು ಅವನಿಗೆ ಹೇಳಿದ್ದು ಇಷ್ಟೇ: "ಮೈಕ್ ಹತ್ತಿರ ಹೋಗಿ ಅರೆಕೆರೆ ಅನ್ನು. ಅದು ಅರೆಕೆರೆ ಅಂದರೆ ಮುಂದೆ ಮಾತಾಡೋಣ."

ಅರೆಕೆರೆಯೇ ಏಕೆ? ಅದರಲ್ಲಿ ಎರಡು 'ರ' ಇವೆ. ನಮ್ಮ 'ರ' ನಾಲಗೆಯ ತುದಿ ಒಮ್ಮೆ ತಟ್ಟಿ ಸರಿಯುವ ಅಕ್ಷರ. ಒಂದು ಸೆಕೆಂಡಿನ ಸುಮಾರು ಮೂವತ್ತನೆಯ ಒಂದು ಭಾಗದಲ್ಲಿ ಮುಗಿದುಹೋಗುತ್ತದೆ. ಮೈಕಿನ ಏರಿಳಿತವನ್ನು ಹಿಂಬಾಲಿಸುವ ಭಾಗ ನಿಧಾನವಾಗಿದ್ದರೆ ಆ ತಟ್ಟು ಅದಕ್ಕೆ ಸಿಗುವುದೇ ಇಲ್ಲ. 'ಅರೆಕೆರೆ' ಹೋಗಿ 'ಅಎಕೆಎ' ಆಗುತ್ತದೆ. ನಡುವೆ ಒಂದು 'ಕ' ಇದೆ. ಅದು ನಾಲಗೆಯ ಹಿಂಭಾಗ ಗಾಳಿಯ ದಾರಿಯನ್ನು ಪೂರ್ತಿ ಮುಚ್ಚಿ ತೆರೆಯುವ ಅಕ್ಷರ. ಆ ಮುಚ್ಚಿದ ಗಳಿಗೆಯ ಮೌನವನ್ನೂ ಯಂತ್ರ ಕಾಯಬೇಕು. ನಾಲ್ಕಕ್ಷರದ ಒಂದು ಊರಿನ ಹೆಸರು ಇಷ್ಟೆಲ್ಲ ಪರೀಕ್ಷೆ ಮಾಡುತ್ತದೆ.

ಪಟ್ಟಿಗಳ ಲೆಕ್ಕವನ್ನು ಹುಡುಗನಿಗೆ ಕೆರೆಯನ್ನಿಟ್ಟುಕೊಂಡೇ ವಿವರಿಸಿದೆ. ಸಿಂಥಸೈಜರಿನ ನಾದ ಕೆರೆಯ ತುಂಬ ನಿಂತ ನೀರು. ಏರಿಯಲ್ಲಿ ಸಾಲಾಗಿ ತೂಬುಗಳಿವೆ, ಒಂದೊಂದು ತೂಬಿನಲ್ಲಿ ಒಂದೊಂದು ಎತ್ತರದ ಸ್ವರದ ನೀರು ಹೋಗುತ್ತದೆ. ಯಾವ ತೂಬು ಎಷ್ಟು ತೆರೆಯಬೇಕು ಎಂದು ಹೇಳುವುದು ಮೈಕಿನಲ್ಲಿ ಬಂದ ನಿಮ್ಮ ದನಿ. 'ಆ' ಅಂದರೆ ಒಂದು ಬಗೆ, 'ಈ' ಅಂದರೆ ಇನ್ನೊಂದು ಬಗೆ. ಎಂಟೇ ತೂಬುಗಳಿದ್ದರೆ ಸ್ವರಾಕ್ಷರಗಳು ಚೆನ್ನಾಗಿಯೇ ಬರುತ್ತವೆ, ಕೆಲವು ವ್ಯಂಜನಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಹದಿನಾರಿದ್ದರೆ ಮಾತು ತಿಳಿಯಾಗುತ್ತದೆ. 1939ರಲ್ಲಿ ಡಡ್ಲಿಯವರಿಗೆ ಹತ್ತು ಸಾಕಾಗಿತ್ತು, 1978ರ ಕಾರ್ಗ್ ವಿಸಿ-10 ಎಂಬ ಯಂತ್ರದಲ್ಲಿ ಇಪ್ಪತ್ತು ಇದ್ದವು. ಆದ್ದರಿಂದ ಅಂಗಡಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ, ವೊಕೋಡರಿಗೆ ಎಷ್ಟು ಬ್ಯಾಂಡ್, ಅಂದರೆ ಎಷ್ಟು ಪಟ್ಟಿ, ಎಂಬುದು.

ಕೆರೆಯಲ್ಲಿ ನೀರೂ ಇರಬೇಕಲ್ಲ. ಕೊಳಲಿನಂಥ ಮೆತ್ತನೆಯ ಟೋನ್ ಹಾಕಿ ವೊಕೋಡರಿನಲ್ಲಿ ಮಾತಾಡಿದರೆ ಏನೂ ಅರ್ಥವಾಗುವುದಿಲ್ಲ, ಏಕೆಂದರೆ ಅದರಲ್ಲಿ ಮೇಲಿನ ಸ್ವರಾಂಶಗಳು ತೀರಾ ಕಡಿಮೆ. ಹಾರ್ಮೋನಿಯಂ ರೀಡಿನಂತೆ ಒರಟಾಗಿ, ತುಂಬಿಕೊಂಡು ಮೊರೆಯುವ ಟೋನ್ ಬೇಕು. ಸಿಂಥಿನಲ್ಲಿ ಅದಕ್ಕೆ ಗರಗಸದ ಹಲ್ಲಿನಂಥ ಅಲೆ, ಸಾ-ಟೂತ್, ಎನ್ನುತ್ತಾರೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಒಳ್ಳೆಯ ಯಂತ್ರವನ್ನು ಕೆಟ್ಟದ್ದೆಂದು ವಾಪಸು ಕೊಡುತ್ತಾರೆ.

ಇನ್ನು ಮಾದರಿಗಳ ವಿಚಾರ. ಚಿಕ್ಕ ಮೈಕಟ್ಟಿನ ವೊಕೋಡರ್ ಸಿಂಥ್ ಎಂದರೆ ಮೊದಲು ಬಾಯಿಗೆ ಬರುವ ಹೆಸರು ಮೈಕ್ರೋಕಾರ್ಗ್. 2002ರಲ್ಲಿ ಬಂದದ್ದು. 37 ಸಣ್ಣ ಮನೆಗಳು ಅಂದರೆ ಬೆರಳಿಡುವ ಕೀಗಳು, ನಾಲ್ಕು ವಾಯ್ಸ್, ಎಂಟು ಬ್ಯಾಂಡಿನ ವೊಕೋಡರ್, ಹಂಸದ ಕತ್ತಿನಂತೆ ಬಾಗುವ ಪುಟ್ಟ ಮೈಕ್. ಆರು ಪೆನ್ಸಿಲ್ ಸೆಲ್ಲಿನಲ್ಲೂ ನಡೆಯುತ್ತದೆ, ಅರೆಕೆರೆಯಲ್ಲಿ ಕರೆಂಟು ಹೋದ ಸಂಜೆಗೆ ಇದು ದೊಡ್ಡ ಮಾತು. ಇದರ ತಮ್ಮ ಮೈಕ್ರೋಕಾರ್ಗ್ ಎಕ್ಸ್‌ಎಲ್ ಎಂಟು ವಾಯ್ಸ್, ಹದಿನಾರು ಬ್ಯಾಂಡ್. 2024ರಲ್ಲಿ ಮೈಕ್ರೋಕಾರ್ಗ್ 2 ಪ್ರಕಟವಾಯಿತು. ನೋವೇಶನ್ ಮಿನಿನೋವಾ 2012ರದು, 37 ಮನೆ, 18 ವಾಯ್ಸ್, 12 ಬ್ಯಾಂಡ್. 2015ರ ರೋಲ್ಯಾಂಡ್ ಜೆಡಿ-ಎಕ್ಸ್‌ಐನಲ್ಲಿ ವೊಕೋಡರಿನ ಜೊತೆ ಡ್ರಮ್ ಕೂಡ ಇದೆ, ಒಬ್ಬನೇ ಕೂತು ಹಾಡು ಕಟ್ಟುವವನಿಗೆ ಅನುಕೂಲ. ಆರ್ಟೂರಿಯಾ ಮೈಕ್ರೋಫ್ರೀಕ್ 2019ರದು. ಅದರ 25 ಮನೆಗಳು ಒತ್ತುವಂಥವಲ್ಲ, ಮುಟ್ಟುವಂಥವು. ವೊಕೋಡರ್ ಅದಕ್ಕೆ ಮರುವರ್ಷ ಸೇರಿತು, ಇಯರ್‌ಫೋನಿನ ಮೈಕಿನಲ್ಲೇ ಮಾತಾಡಬಹುದು.

ನಾಲ್ಕು ವಾಯ್ಸ್ ಅಂದರೆ ಒಮ್ಮೆಗೆ ನಾಲ್ಕೇ ಸ್ವರ ನುಡಿಯುತ್ತವೆ ಎಂದರ್ಥ. ಸ-ಪ-ಸ ಎಂದು ಶ್ರುತಿ ಹಿಡಿದರೆ ಮೂರು ಹೋದವು, ಹಾಡಿನ ಎಳೆಗೆ ಉಳಿಯುವುದು ಒಂದೇ. ನಮ್ಮ ಭಾವಗೀತೆಗೆ ಅಷ್ಟು ಸಾಕು. ಚರ್ಚಿನ ಕಾಯರಿನಂತೆ ದಟ್ಟವಾದ ಸಮೂಹದನಿ ಬೇಕೆನ್ನುವವರಿಗೆ ಸಾಲದು.

ಆರ್ಕೆಸ್ಟ್ರಾದಲ್ಲಿ ದುಡಿಯುವ ತಮ್ಮಂದಿರಿಗೆ ಬೇರೆ ಮಾತಿದೆ. ನವೆಂಬರ್ ತಿಂಗಳಿಡೀ ರಾಜ್ಯೋತ್ಸವದ ವೇದಿಕೆಗಳಲ್ಲಿ ಓಡಾಡುವವರಿಗೆ ತಬಲ, ಢೋಲಕ್, ವೀಣೆ, ಶಹನಾಯಿ ಟೋನುಗಳೇ ಊಟ. ಈ ಚಿಕ್ಕ ಸಿಂಥುಗಳಲ್ಲಿ ಅವು ಇರುವುದಿಲ್ಲ. ಮನೆಯಲ್ಲಿ ಅಮ್ಮ 'ಕ್ಯಾಸಿಯೋ' ಎಂದು ಕರೆಯುವ ರಿದಮ್ ಇರುವ ಕೀಬೋರ್ಡಿಗೂ ಇವಕ್ಕೂ ಬಹಳ ಅಂತರ. ವೇದಿಕೆಯಲ್ಲಿ ದುಡಿಯುವವರು ಸ್ವಲ್ಪ ಕಾದು, ಇನ್ನಷ್ಟು ಹಣ ಕೂಡಿಸಿ ರೋಲ್ಯಾಂಡ್ ಎಕ್ಸ್‌ಪಿಎಸ್-30ರಂಥ 61 ಮನೆಯ ಕೀಬೋರ್ಡನ್ನೇ ನೋಡಲಿ. ಅದರಲ್ಲಿ ಭಾರತೀಯ ಟೋನುಗಳೂ ಇವೆ, ಮೈಕ್ ಹಾಕಿದರೆ ವೊಕೋಡರೂ ಇದೆ. ವೊಕೋಡರಿನ ಮೋಹಕ್ಕೆ ದುಡಿಮೆಯ ವಾದ್ಯವನ್ನು ಬಿಡುವುದು ಸರಿಯಲ್ಲ.

ವೊಕೋಡರ್ ಮತ್ತು ಆಟೋಟ್ಯೂನ್ ಒಂದೇ ಅಲ್ಲ. 1997ರಲ್ಲಿ ಬಂದ ಆಟೋಟ್ಯೂನ್ ನಿಮ್ಮ ದನಿಯನ್ನೇ ಹಿಡಿದು ಹತ್ತಿರದ ಸ್ವರಕ್ಕೆ ಎಳೆದು ಕೂರಿಸುತ್ತದೆ. ಗಾಯಕಿ ಶೆರ್ ಅವರ 1998ರ 'ಬಿಲೀವ್' ಹಾಡಿನಲ್ಲಿ ಕೇಳುವುದು ಅದು, ವೊಕೋಡರ್ ಅಲ್ಲ. ವೊಕೋಡರಿನಲ್ಲಿ ಸ್ವರ ಹುಟ್ಟುವುದು ಕೀಬೋರ್ಡಿನ ಮನೆಯಿಂದ. ನೀವು ಬಾಯಲ್ಲಿ ಎಷ್ಟೇ ಚಂದದ ಗಮಕ ತೆಗೆಯಿರಿ, ಆ ಕಂಪನ ಹೊರಗೆ ಬರುವುದೇ ಇಲ್ಲ! ಅಕ್ಷರ ಮಾತ್ರ ಬರುತ್ತದೆ. ಕರ್ನಾಟಕ ಸಂಗೀತ ಕಲಿತವರಿಗೆ ಇದು ಮೊದಲ ದಿನವೇ ಎದೆಗೆ ಹೊಡೆಯುತ್ತದೆ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂಗೆ ಬಾಗಿಲು ಮುಚ್ಚಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು ಇದೇ, ಮನೆ ಒತ್ತಿದರೆ ಸ್ವರ ಜಾರುವುದಿಲ್ಲ ಎಂಬುದು. ಸಿಂಥಿನಲ್ಲಿ ಅದಕ್ಕೊಂದು ಮದ್ದಿದೆ. ಎಡಗೈ ಬದಿಯ ಪಿಚ್ ಚಕ್ರ. ಬಲಗೈಯಲ್ಲಿ ಮನೆ, ಎಡಗೈಯಲ್ಲಿ ಚಕ್ರ, ಬಾಯಲ್ಲಿ ಸಾಹಿತ್ಯ. ಮೂರೂ ಕೂಡಿಬರಲು ತಿಂಗಳುಗಳ ಅಭ್ಯಾಸ ಬೇಕು, ಕೂಡಿಬಂದಾಗ ಮೈ ಜುಮ್ಮೆನ್ನುತ್ತದೆ. ಆದ್ದರಿಂದ ಚಕ್ರವಿಲ್ಲದ ಯಂತ್ರವನ್ನು ಕನ್ನಡ ಹಾಡುಗಾರರು ಕೊಳ್ಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೈಕ್ರೋಫ್ರೀಕ್‌ನಲ್ಲಿ ಚಕ್ರದ ಬದಲು ಸವರುವ ಪಟ್ಟಿಯೊಂದಿದೆ, ಅದರಲ್ಲೂ ಕೆಲಸ ಸಾಗುತ್ತದೆ.

ಹೀಗೆಲ್ಲ ಹೇಳಿ ಮುಗಿಸಿದ ಮೇಲೆ ಲೆಕ್ಕ ಹಾಕಿದೆವು. ಹೊಸದು ಯಾವುದೂ 25,000ಕ್ಕೆ ದಕ್ಕುವಂತಿರಲಿಲ್ಲ. ಮೊದಲು ಒಂದು ಪೈಸೆ ಖರ್ಚಿಲ್ಲದ ದಾರಿ ಹಿಡಿಸಿದೆ. ಅವನ ಲ್ಯಾಪ್‌ಟಾಪಿಗೆ ಟಾಲ್-ವೊಕೋಡರ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದೆವು. ಹನ್ನೊಂದು ಬ್ಯಾಂಡ್ ಅದರದು. ಇಯರ್‌ಫೋನ್ ಹಾಕಿಕೊಂಡು ಎರಡು ವಾರ ಅದರಲ್ಲೇ ಹಾಡು ಎಂದೆ. ಬಾಯಿ ಬಿಟ್ಟ ಮೇಲೆ ದನಿ ಒಂದು ಕ್ಷಣ ತಡವಾಗಿ ಬರುವುದು ಅದರ ತೊಡಕು, ತಾಳ ತಪ್ಪುತ್ತದೆ. ಆದರೂ ವೊಕೋಡರ್ ತನಗೆ ನಿಜವಾಗಿ ಬೇಕೋ, ನಾಲ್ಕು ದಿನದ ಆಸೆಯೋ ಎಂಬುದು ಗೊತ್ತಾಗುತ್ತದೆ. ಅವನಿಗೆ ಬೇಕಾಗಿತ್ತು. ಎರಡು ವಾರ ಕಳೆದು ಬಂದವನು, "ಅಂಕಲ್, ಅಜ್ಜಿ ಹೇಳಿಕೊಟ್ಟ ಸೋಬಾನೆ ಪದ ಇದರಲ್ಲಿ ಹಾಡಿದೆ, ಅಜ್ಜಿ ಅತ್ತುಬಿಟ್ರು" ಎಂದ. ಅಂದೇ ನಾನು ಸೆಕೆಂಡ್ ಹ್ಯಾಂಡ್ ಯಂತ್ರ ಹುಡುಕಲು ಜೊತೆಗೆ ಹೊರಟೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕೆಲವನ್ನು ಕಣ್ಣಾರೆ ನೋಡಿಯೇ ತರಬೇಕು. ಮೈಕ್ ಜೊತೆಗಿದೆಯೇ? ಬಾಗುವ ಆ ಪುಟ್ಟ ಮೈಕೇ ಮೊದಲು ಕಳೆದುಹೋಗುವುದು. 37 ಮನೆಗಳನ್ನೂ ಒಂದೊಂದಾಗಿ, ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಒತ್ತಿ. ತಿರುಗಣಿಗಳನ್ನು ನಿಧಾನವಾಗಿ ತಿರುಗಿಸಿ, ದನಿ ಕರಕರ ಎಂದರೆ ಒಳಗೆ ಧೂಳು ಕೂತಿದೆ. ಕೊನೆಗೆ ಅಡಾಪ್ಟರ್. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಾನೇ ಕೈ ಸುಟ್ಟುಕೊಂಡವನು. ವರ್ಷಗಳ ಹಿಂದೆ ಅಮೆರಿಕದಿಂದ ನೆಂಟರು ತಂದುಕೊಟ್ಟ ಕೀಬೋರ್ಡಿನ ಅಡಾಪ್ಟರನ್ನು ಓದಿ ನೋಡದೆ ಗೋಡೆಗೆ ಸಿಕ್ಕಿಸಿದೆ. ಅದು 120 ವೋಲ್ಟಿನದು, ನಮ್ಮ ಗೋಡೆಯಲ್ಲಿರುವುದು 230. ಅರ್ಧ ನಿಮಿಷದಲ್ಲಿ ಸುಟ್ಟ ವಾಸನೆ ಬಂತು. ಪಿನ್ನಿನ ವಿಷಯವೂ ಹಾಗೆಯೇ. 9 ವೋಲ್ಟಿನ ಪಿನ್ ನೋಡಲು ಒಂದೇ ಥರ, ಆದರೆ ಕಾರ್ಗ್‌ನದರಲ್ಲಿ ನಡುವೆ ಪ್ಲಸ್, ಗಿಟಾರ್ ಪೆಡಲುಗಳದರಲ್ಲಿ ಸಾಮಾನ್ಯವಾಗಿ ನಡುವೆ ಮೈನಸ್. ಎಸ್.ಪಿ. ರಸ್ತೆಯಲ್ಲಿ ಯಾವ ಅಡಾಪ್ಟರ್ ಬೇಕಾದರೂ ಸಿಗುತ್ತದೆ, ಯಂತ್ರದ ಬೆನ್ನಿನ ಮೇಲೆ ಅಚ್ಚು ಹಾಕಿದ ಚಿಹ್ನೆಯನ್ನು ಫೋಟೋ ತೆಗೆದುಕೊಂಡು ಹೋಗಿ.

ಬಿಟಿಎಂ ಲೇಔಟಿನ ಒಂದು ಮನೆಯಲ್ಲಿ ಹಳೆಯ ಮೈಕ್ರೋಕಾರ್ಗ್ ಸಿಕ್ಕಿತು. ಮಾರುವವರು ಐಟಿ ಕೆಲಸದವರು, ಪೆಟ್ಟಿಗೆ, ಮೈಕ್ ಎಲ್ಲ ಜೋಪಾನವಾಗಿ ಇಟ್ಟಿದ್ದರು. ಹುಡುಗ ಮೈಕಿನ ಹತ್ತಿರ ಬಾಗಿ, ಮೂರು ಮನೆ ಒತ್ತಿ, "ಅರೆಕೆರೆ" ಎಂದ. ಬಂದದ್ದು 'ಅಯೆಗೆಯೆ'! ಅವನ ಮುಖ ಬಾಡಿತು. ಮೈಕಿನ ಏರಿಳಿತವನ್ನು ಹಿಂಬಾಲಿಸುವ ಭಾಗ ಚುರುಕಾಗುವಂತೆ ನಾನು ಅದರ ಹೊಂದಿಕೆಯನ್ನು ಕೆಳಗಿಳಿಸಿದೆ. ಬಾಯಿಯ ದನಿ ನಿಂತ ಮೇಲೂ ಆ ಭಾಗ ತೂಬುಗಳನ್ನು ತೆರೆದೇ ಇಟ್ಟರೆ ಅಕ್ಷರದ ನಡುವಿನ ಮೌನವೆಲ್ಲ ತುಂಬಿಹೋಗುತ್ತದೆ. 'ಹತ್ತು' ಎಂಬಲ್ಲಿ ಒತ್ತಕ್ಷರದ ಬಿಗಿ ಸಡಿಲವಾಗುವುದೂ ಹೀಗೆಯೇ. ಆಮೇಲೆ ಮೈಕಿನ ಮೇಲ್ಸ್ತರದ ದನಿಯನ್ನು ನೇರವಾಗಿ ಹೊರಗೆ ಬಿಡುವ ಎಚ್‌ಪಿಎಫ್ ಲೆವೆಲ್ ಏರಿಸಿದೆ. ಸ, ಶ, ಷ, ಚ ಇವೆಲ್ಲ ಗಂಟಲಿನ ನಾದವಿಲ್ಲದ, ಬರಿಯ ಗಾಳಿಯ ಅಕ್ಷರಗಳು, ಅವಕ್ಕೆ ಈ ದಾರಿ ಬೇಕು. "ಈಗ ಅನ್ನು" ಎಂದೆ. ಅರೆಕೆರೆ ಎಂದ. ಯಂತ್ರವೂ ಅರೆಕೆರೆ ಎಂದಿತು. ಸಾಸಿವೆ ಎಂದ, ಚಕ್ಕುಲಿ ಎಂದ, ಹುಣ್ಣಿಮೆ ಎಂದ. ಎಲ್ಲವೂ ಬಂದವು. 'ಹಳ್ಳಿ' ಮತ್ತು 'ಹಲ್ಲಿ' ಮಾತ್ರ ಒಂದೇ ಥರ ಕೇಳಿಸಿದವು. ಎಷ್ಟು ತಿರುಗಿಸಿದರೂ ಬೇರೆಯಾಗಲಿಲ್ಲ. ಎಂಟು ಬ್ಯಾಂಡಿನ ಮಿತಿ ಅದು. ಲಕಾರ, ಳಕಾರದ ವ್ಯತ್ಯಾಸ ಅಡಗಿರುವ ಸಣ್ಣ ಜಾಗ ಅಷ್ಟು ಅಗಲದ ತೂಬಿನಲ್ಲಿ ಕರಗಿಹೋಗುತ್ತದೆ. ಮಾರುವವರಿಗೂ ಇದನ್ನು ಹೇಳಿದೆವು, ಅವರು ಸಂತೋಷವಾಗಿ ಬೆಲೆಯಲ್ಲಿ ಸ್ವಲ್ಪ ಬಿಟ್ಟರು. ಅಡಾಪ್ಟರೂ ಸೇರಿ ಅವನ ಹಣದೊಳಗೇ ಮುಗಿಯಿತು.

ಮನೆಯಲ್ಲಿ ಬಳಸುವವರಿಗೆ ಇನ್ನೊಂದು ಸೂಚನೆ. ವೊಕೋಡರಿನ ಮೈಕ್ ನಿಮ್ಮ ದನಿಯೊಂದನ್ನೇ ಕೇಳುವುದಿಲ್ಲ. ಫ್ಯಾನ್, ಬನ್ನೇರುಘಟ್ಟ ರಸ್ತೆಯ ಹಾರ್ನ್, ಅಡುಗೆಮನೆಯ ಕುಕ್ಕರ್ ವಿಷಲ್ ಎಲ್ಲಕ್ಕೂ ತೂಬು ತೆರೆಯುತ್ತದೆ. ಮೈಕನ್ನು ತುಟಿಯಿಂದ ಎರಡು ಬೆರಳಿನಷ್ಟು ದೂರ ಇಟ್ಟು, ಗೇಟ್ ಎಂಬ ಹೊಂದಿಕೆಯನ್ನು ಸ್ವಲ್ಪ ಬಿಗಿ ಮಾಡಿ. ವೇದಿಕೆಯಲ್ಲಾದರೆ ಡ್ರಮ್ಮಿಗೆ ಬೆನ್ನು ಮಾಡಿ ನಿಲ್ಲಿ.

ಮುಂದಿನ ರಾಜ್ಯೋತ್ಸವಕ್ಕೆ ಹುಡುಗನ ತಂಡ ಅರೆಕೆರೆಯಲ್ಲಿ ಹಾಡಲಿದೆ. ಅವನಂತೆ ಕೊಳ್ಳಲು ಹೊರಟವರು ನನ್ನ ತೀರ್ಪು ಕೇಳಿದರೆ ಹೇಳುತ್ತೇನೆ: ಸಾಹಿತ್ಯ ಸ್ಪಷ್ಟವಾಗಿ ಬರಲೇಬೇಕು ಎನ್ನುವವರು ಹದಿನಾರು ಬ್ಯಾಂಡಿನ ಹಳೆಯ ಮೈಕ್ರೋಕಾರ್ಗ್ ಎಕ್ಸ್‌ಎಲ್ ಹುಡುಕಲಿ. ದನಿಯ ಬಣ್ಣ ಸಾಕು ಎನ್ನುವವರಿಗೆ ಎಂಟು ಬ್ಯಾಂಡಿನದೇ ಸಾಕು. ಎರಡರಲ್ಲಿ ಯಾವುದನ್ನೇ ಕೊಳ್ಳಲು ಹೋಗಿ, ದುಡ್ಡು ಎಣಿಸುವ ಮೊದಲು ಮೈಕಿನ ಮುಂದೆ ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಹೇಳಿ, ಯಂತ್ರ ಅದನ್ನು ತಿರುಗಿ ಹೇಳುವವರೆಗೆ ಅಲ್ಲಿಂದ ಏಳಬೇಡಿ.